ಬೆಟ್ಟದ ಕಾಡು: ಅತಿವೃಷ್ಟಿಗೂ ಅನಾವೃಷ್ಟಿಗೂ ಆಸರೆ

ಮಲೆನಾಡಿನ ಬೇಸಾಯ ಬೆಟ್ಟವನ್ನು ಬಿಟ್ಟು ಇಲ್ಲ. ಕಣಿವೆಯಲ್ಲಿ ಗದ್ದೆ ಇಲ್ಲವೆ ಅಡಿಕೆ ತೋಟ, ಅದರ ಅಂಚಿನಲ್ಲಿ ಮನೆ, ಮನೆಯ ಹಿಂದೆ ಬೆಟ್ಟ, ಇದು ಪಶ್ಚಿಮ ಘಟ್ಟದ ಊರುಗಳ ಸಾಮಾನ್ಯ ಚಿತ್ರ. ಈ ಬೆಟ್ಟಕ್ಕೆ ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಸೊಪ್ಪಿನಬೆಟ್ಟವೆಂದೂ, ದಕ್ಷಿಣ ಕನ್ನಡದಲ್ಲಿ ಕುಮ್ಕಿಯೆಂದೂ, ಕೊಡಗಿನಲ್ಲಿ ಬಾಣೆಯೆಂದೂ ಹೆಸರು. ಕಾನು, ಹಾಡಿ, ದೇವರಕಾಡುಗಳೂ ಇದೇ ಸಾಲಿಗೆ ಸೇರಿದವು. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ದೊರೆತದ್ದು ಸುಮ್ಮನೆ ಅಲ್ಲ. ತೋಟದ ಫಲವತ್ತತೆ, ಕೆರೆಬಾವಿಯ ನೀರು, ಕೊಟ್ಟಿಗೆಯ ಸೊಪ್ಪು, ಒಲೆಯ ಸೌದೆ ಎಲ್ಲವೂ ಬೆಟ್ಟದಿಂದಲೇ ಬರಬೇಕಾಗಿತ್ತು.

ಇಂದು ಬೆಟ್ಟಕ್ಕೆ ಇನ್ನೊಂದು ಹೊಣೆ ಬಂದಿದೆ. ಹವಾಗುಣ ಬದಲಾಗುತ್ತಿರುವ ಈ ದಿನಗಳಲ್ಲಿ ಮಳೆ ಸುರಿದರೆ ಒಂದೇ ಸಮನೆ ಸುರಿಯುತ್ತದೆ. ಬಿಟ್ಟರೆ ವಾರಗಟ್ಟಲೆ ಬಿಟ್ಟುಬಿಡುತ್ತದೆ. ಹೆಚ್ಚಾದ ನೀರನ್ನು ಅಪಾಯವಿಲ್ಲದೆ ಕೆಳಗಿಳಿಸುವುದು, ಬೇಸಗೆಗೆ ಬೇಕಾದ ನೀರನ್ನು ನೆಲದೊಳಗೆ ಉಳಿಸಿಕೊಳ್ಳುವುದು, ಇವೆರಡನ್ನೂ ಒಂದೇ ಬೆಟ್ಟ ಮಾಡಬೇಕಾಗಿದೆ. ಅದಕ್ಕೆ ತಕ್ಕಂತೆ ಬೆಟ್ಟದ ಕಾಡನ್ನು ನೋಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮಳೆಯಲ್ಲಿ ಆಗಿರುವ ಬದಲಾವಣೆ

ಗಾಳಿ ಬಿಸಿಯಾದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಹಿಡಿಯುತ್ತದೆ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಹಿಡಿಯಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಹೀಗೆ ಹೆಚ್ಚು ತೇವ ಹೊತ್ತ ಮೋಡ ಒಡೆದಾಗ ಮಳೆಯ ರಭಸವೂ ಹೆಚ್ಚುತ್ತದೆ. ಅದೇ ಬಿಸಿ ಗಾಳಿ ಮಳೆಯಿಲ್ಲದ ದಿನಗಳಲ್ಲಿ ನೆಲದ ಪಸೆಯನ್ನು ಬೇಗನೆ ಹೀರಿಬಿಡುತ್ತದೆ. ಆದ್ದರಿಂದ ಅತಿವೃಷ್ಟಿ, ಅನಾವೃಷ್ಟಿಗಳು ಒಂದೇ ಕಾರಣದ ಎರಡು ಮುಖಗಳು.

ಇದಕ್ಕೆ ಉದಾಹರಣೆಗಳನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಕ್ಕಂದೂರು, ಮಾದಾಪುರ, ಜೋಡುಪಾಲ ಸುತ್ತಮುತ್ತ ನೂರಕ್ಕೂ ಹೆಚ್ಚು ಕಡೆ ಗುಡ್ಡಗಳು ಜರಿದವು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಬೆಂಕಿಗೆ ಸಿಕ್ಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಲೆನಾಡು ನೆರೆಯಲ್ಲಿ ಮುಳುಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. 1901ರಿಂದ ಈಚೆಗೆ ಭಾರತದಲ್ಲಿ ಅತ್ಯಂತ ಕಡಿಮೆ ಮಳೆ ಬಿದ್ದ ಆಗಸ್ಟ್ ತಿಂಗಳು 2023ರದ್ದು. ಮರುವರ್ಷವೇ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಜರಿದು ಪ್ರಾಣಹಾನಿಯಾಯಿತು.

ಒಂದು ಲೆಕ್ಕವನ್ನು ರೈತರು ನೆನಪಿಡುವುದು ಒಳ್ಳೆಯದು. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಒಂದೇ ದಿನ 100 ಮಿ.ಮೀ. ಮಳೆಯಾದರೆ ಎಕರೆಗೆ 4 ಲಕ್ಷ ಲೀಟರ್. 9 ಎಕರೆ ಬೆಟ್ಟದ ಮೇಲೆ 36 ಲಕ್ಷ ಲೀಟರ್. ಇಷ್ಟು ನೀರು ಎಲ್ಲಿ ಹೋಗುತ್ತದೆ ಎಂಬುದರ ಮೇಲೆಯೇ ಕೆಳಗಿನ ತೋಟದ, ಮನೆಯ ಭವಿಷ್ಯ ನಿಂತಿದೆ.

ಕಾಡು ಮಾಡುವ ಕೆಲಸ

ಒಳ್ಳೆಯ ಕಾಡಿನಲ್ಲಿ ಮಳೆಹನಿ ನೇರವಾಗಿ ನೆಲಕ್ಕೆ ಅಪ್ಪಳಿಸುವುದಿಲ್ಲ. ಎತ್ತರದ ಮರ, ಅದರ ಕೆಳಗಿನ ನಡುಮರ, ಪೊದೆ, ಹುಲ್ಲು, ಕೊನೆಗೆ ತರಗೆಲೆ ಅಥವಾ ದರಗು, ಹೀಗೆ ಅಂತಸ್ತು ಅಂತಸ್ತಾಗಿ ಅದರ ರಭಸ ಇಳಿಯುತ್ತದೆ. ದರಗಿನ ಅಡಿಯ ಮಣ್ಣನ್ನು ಎರೆಹುಳು, ಗೆದ್ದಲು, ಸಣ್ಣ ಬೇರುಗಳು ಸಡಿಲವಾಗಿಟ್ಟಿರುತ್ತವೆ. ಈ ರಂಧ್ರಗಳ ಮೂಲಕ ನೀರು ಒಳಗಿಳಿದು, ತಿಂಗಳುಗಟ್ಟಲೆ ಕಾಲ ಒರತೆಯಾಗಿ ಹೊರಬರುತ್ತದೆ. ದರಗು ಗುಡಿಸಿದ, ದನ ತುಳಿದ, ಬೆಂಕಿ ಬಿದ್ದ ಬೆಟ್ಟದಲ್ಲಿ ಮೇಲ್ಮಣ್ಣು ಗಟ್ಟಿಯಾಗಿ, ಅದೇ ನೀರು ಕೆಂಪಾಗಿ ಹಳ್ಳಕ್ಕೆ ಓಡುತ್ತದೆ.

ಉತ್ತರ ಕನ್ನಡ ಮತ್ತು ಶರಾವತಿ ಕೊಳ್ಳದ ಹಳ್ಳಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಅಧ್ಯಯನಗಳಲ್ಲಿ ಇದು ಸ್ಪಷ್ಟವಾಗಿದೆ. ಜಲಾನಯನದ ಶೇ. 60ಕ್ಕೂ ಹೆಚ್ಚು ಭಾಗ ಸ್ಥಳೀಯ ಜಾತಿಯ ಮರಗಳ ಕಾಡಿರುವಲ್ಲಿ ಹಳ್ಳಗಳು ವರ್ಷವಿಡೀ ಹರಿಯುತ್ತವೆ; ಒಂದೇ ಜಾತಿಯ ನೆಡುತೋಪು ಇರುವಲ್ಲಿ ಮಳೆಗಾಲ ಕಳೆದ ಕೆಲವು ತಿಂಗಳಲ್ಲೇ ಬತ್ತುತ್ತವೆ.

ಮಣ್ಣನ್ನು ಹಿಡಿಯುವ ಕೆಲಸ ಬೇರುಗಳದು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮರ ಕಡಿದ ಕೂಡಲೇ ಗುಡ್ಡ ಜರಿಯುವುದಿಲ್ಲ. ಸತ್ತ ಬೇರುಗಳು ಮಣ್ಣಿನಲ್ಲಿ ಇನ್ನೂ ಒಂದೆರಡು ವರ್ಷ ಬಿಗಿಯಾಗಿರುತ್ತವೆ. ಆಮೇಲೆ ಅವು ಕೊಳೆಯುತ್ತಾ ಬರುತ್ತವೆ. ಹೊಸದಾಗಿ ನೆಟ್ಟ ಸಸಿಗಳ ಬೇರು ಆ ಹೊತ್ತಿಗೆ ಆಳಕ್ಕೆ ಇಳಿದಿರುವುದಿಲ್ಲ. ಹೀಗಾಗಿ ಕಡಿದ ಮೂರು ನಾಲ್ಕು ವರ್ಷಗಳಿಂದ ಹತ್ತು ಹದಿನೈದು ವರ್ಷಗಳವರೆಗೆ ಇಳಿಜಾರು ಅತ್ಯಂತ ದುರ್ಬಲವಾಗಿರುತ್ತದೆ. "ಕಾಡು ಕಡಿದು ಐದು ವರ್ಷವಾಯಿತು, ಏನೂ ಆಗಲಿಲ್ಲ" ಎಂದು ನೆಮ್ಮದಿಯಿಂದಿರುವ ಕಾಲವೇ ನಿಜವಾದ ಅಪಾಯದ ಕಾಲ.

ಕಾಡಿನ ಶಕ್ತಿಗೂ ಮಿತಿಯುಂಟು

ಮರಗಳಿದ್ದರೆ ಗುಡ್ಡ ಜರಿಯುವುದೇ ಇಲ್ಲವೆಂದು ತಿಳಿಯಬಾರದು. ಹೆಚ್ಚಿನ ಬೇರುಗಳು ಮೇಲಿನ ಮೂರರಿಂದ ಆರು ಅಡಿ ಮಣ್ಣಿನಲ್ಲೇ ಇರುತ್ತವೆ. ಅದಕ್ಕಿಂತ ಬಹಳ ಆಳದಲ್ಲಿ, ಕೊಳೆತ ಕಲ್ಲಿನ ಪದರದಲ್ಲಿ ನೀರು ತುಂಬಿ ಮಣ್ಣು ಜಾರಿದರೆ ಬೇರು ತಡೆಯಲಾರದು. 2018ರಲ್ಲಿ ಕೊಡಗಿನಲ್ಲಿ ಮರಗಳಿದ್ದ ಕಾಫಿ ತೋಟಗಳೂ ಜರಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರ ಪರಿಶೀಲನೆಯಲ್ಲಿ, ಅಸಾಧಾರಣ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ ಮುಖ್ಯ ಕಾರಣವೆಂದು ಕಂಡುಬಂದಿತು. ಗುಡ್ಡದ ಬುಡ ಅದರ ಮೇಲ್ಭಾಗಕ್ಕೆ ಆನಿಕೆ. ಆನಿಕೆಯನ್ನು ತೆಗೆದು ತಲೆಯ ಮೇಲೆ ಮರ ನೆಟ್ಟರೆ ಪ್ರಯೋಜನವಿಲ್ಲ. ಕಾಡು, ನೀರಿನ ದಾರಿ, ಗುಡ್ಡದ ಬುಡ, ಈ ಮೂರನ್ನೂ ಒಟ್ಟಿಗೆ ಕಾಯಬೇಕು.

ಕೈಗೊಳ್ಳಬೇಕಾದ ಕ್ರಮಗಳು

1. ಮೊದಲು ಇಳಿಜಾರನ್ನು ಅಳೆಯಿರಿ

ಹತ್ತು ಅಡಿ ಉದ್ದದ ನೆಟ್ಟನೆಯ ಬಿದಿರು ಗಳವೊಂದು ಸಾಕು. ಅದರ ಒಂದು ತುದಿಯನ್ನು ಇಳಿಜಾರಿನ ಮೇಲುಭಾಗದ ನೆಲಕ್ಕೆ ಮುಟ್ಟಿಸಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ ಮಟ್ಟಸವಾಗಿ ಹಿಡಿಯಿರಿ. ಆ ತುದಿಯಿಂದ ನೆಲದವರೆಗಿನ ಎತ್ತರವನ್ನು ಅಳೆಯಿರಿ. ಎತ್ತರ 3 ಅಡಿಯೊಳಗಿದ್ದರೆ ಅದು ಸಾಧಾರಣ ಇಳಿಜಾರು. 3ರಿಂದ 6 ಅಡಿಯಿದ್ದರೆ ಕಡಿದಾದ ಇಳಿಜಾರು. 6 ಅಡಿ ಮೀರಿದರೆ ಇಳಿಜಾರಿನ ಕೋನ 30 ಡಿಗ್ರಿಯನ್ನು ದಾಟಿದೆ ಎಂದು ಅರ್ಥ. ಅಂತಹ ಜಾಗದಲ್ಲಿ ಗುದ್ದಲಿಯನ್ನೂ ಮುಟ್ಟಿಸದೆ ಕಾಡಿಗೇ ಬಿಡತಕ್ಕದ್ದು. ಬೆಟ್ಟದ ನಾಲ್ಕಾರು ಕಡೆ ಹೀಗೆ ಅಳೆದು ಒಂದು ಕಾಗದದ ಮೇಲೆ ಗುರುತು ಮಾಡಿಕೊಂಡರೆ ಮುಂದಿನ ಎಲ್ಲ ಕೆಲಸಕ್ಕೂ ಅದೇ ಆಧಾರ.

2. ಇಂಗಿಸುವ ಜಾಗ ಬೇರೆ, ಹರಿಸುವ ಜಾಗ ಬೇರೆ

ನೀರಿಂಗಿಸುವುದು ಒಳ್ಳೆಯದೆಂದು ಕಂಡಕಂಡಲ್ಲಿ ಇಂಗುಗುಂಡಿ, ಅಗಳ ತೋಡುವುದು ಅಪಾಯಕಾರಿ. ಬಯಲುಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವಲ್ಲಿ ಸರಿಹೋದ ಕ್ರಮ, ವರ್ಷಕ್ಕೆ 3,000 ಮಿ.ಮೀ. ಬೀಳುವ ಕಡಿದಾದ ಬೆಟ್ಟಕ್ಕೆ ಸರಿಹೋಗುವುದಿಲ್ಲ. ಅಲ್ಲಿ ಗುಂಡಿಗಳಲ್ಲಿ ನಿಂತ ನೀರು ಆಳಕ್ಕಿಳಿದು, ಮಣ್ಣಿನ ತೂಕವನ್ನು ಹೆಚ್ಚಿಸಿ, ಅದರ ಹಿಡಿತವನ್ನು ಸಡಿಲಿಸುತ್ತದೆ. ಸಾಧಾರಣ ಇಳಿಜಾರಿನಲ್ಲಿ, ಮಣ್ಣು ಗಟ್ಟಿಯಾಗಿರುವಲ್ಲಿ, ಕೆಳಗೆ ಮನೆಯಿಲ್ಲದ ಕಡೆ ಮಾತ್ರ ಸಣ್ಣ ಇಂಗುಗುಂಡಿಗಳನ್ನು ತೋಡಬಹುದು. ಕಡಿದಾದ ಇಳಿಜಾರಿನಲ್ಲಿ ಇಂಗಿಸುವ ಕೆಲಸವನ್ನು ದರಗು ಮತ್ತು ಬೇರುಗಳಿಗೇ ಬಿಡಬೇಕು. ಮಿಕ್ಕ ನೀರು ಸಹಜವಾದ ಹಳ್ಳದ ದಾರಿಯಲ್ಲಿ ತಡೆಯಿಲ್ಲದೆ ಇಳಿಯುವಂತೆ ನೋಡಿಕೊಳ್ಳಬೇಕು. ಹಳ್ಳದ ದಾರಿಯನ್ನು ಮಣ್ಣು ತುಂಬಿ ಮುಚ್ಚುವುದು, ತಿರುಗಿಸುವುದು, ಅದರ ಮೇಲೆ ಕಟ್ಟಡ ಕಟ್ಟುವುದು ಸಲ್ಲದು. ಮನೆಯ ಹಿಂದಿನ ಧರೆಯ ನೆತ್ತಿಯಲ್ಲಿ ನೀರು ನಿಲ್ಲದಂತೆ, ಅದನ್ನು ಪಕ್ಕಕ್ಕೆ ಒಯ್ಯುವ ಕಲ್ಲು ಹಾಸಿದ ಕಾಲುವೆ ಇರಬೇಕು.

3. ಸೊಪ್ಪು, ದರಗಿನ ಬಳಕೆಯಲ್ಲಿ ಹಿತಮಿತ

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿ.ಗ್ರಾಂ. ಹಸಿರು ಸೊಪ್ಪು ಕೊಡಬೇಕೆಂಬುದು ಶಿಫಾರಸು. ಎಕರೆಗೆ 550 ಮರಗಳಿದ್ದರೆ 6,600 ಕಿ.ಗ್ರಾಂ. ಸೊಪ್ಪು ಬೇಕು. 9 ಎಕರೆ ಬೆಟ್ಟವಿದ್ದರೆ ಎಕರೆಗೆ ಸುಮಾರು 730 ಕಿ.ಗ್ರಾಂ. ತೆಗೆದರಾಯಿತು, ಬೆಟ್ಟ ಅದನ್ನು ತಾಳಿಕೊಳ್ಳುತ್ತದೆ. ತೋಟ ವಿಸ್ತರಣೆಯಾಗಿ, ಒಂದು ಎಕರೆ ತೋಟಕ್ಕೆ 2 ಎಕರೆ ಬೆಟ್ಟವಷ್ಟೇ ಉಳಿದಿದ್ದರೆ ಅದೇ ಹೊರೆ ಎಕರೆಗೆ 3,300 ಕಿ.ಗ್ರಾಂ. ಆಗುತ್ತದೆ. ಬೆಟ್ಟಗಳು ಬೋಳಾಗುತ್ತಿರುವುದಕ್ಕೆ ಈ ಲೆಕ್ಕವೇ ಸಾಕ್ಷಿ.

ಆದುದರಿಂದ ಬೆಟ್ಟವನ್ನು ನಾಲ್ಕು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗಕ್ಕೆ ಪೂರ್ತಿ ವಿಶ್ರಾಂತಿ ಕೊಡಬೇಕು. ಸೊಪ್ಪು ಕಡಿಯುವಾಗ ಮರದ ತುದಿಯ ಮೂರನೇ ಒಂದು ಭಾಗವನ್ನು ಮುಟ್ಟಬಾರದು. ಬೀಜಕ್ಕಾಗಿ ಪ್ರತಿ ಜಾತಿಯ ಕೆಲವು ಒಳ್ಳೆಯ ಮರಗಳನ್ನು ಕಡಿಯದೆ ಬಿಡಬೇಕು. ದರಗನ್ನು ಪೂರ್ತಿ ಗುಡಿಸದೆ ಅರ್ಧದಷ್ಟಾದರೂ ನೆಲದಲ್ಲಿ ಉಳಿಸಬೇಕು. ಕಡಿದಾದ ಭಾಗದಿಂದ ಏನನ್ನೂ ತರಬಾರದು. ಕೊರತೆಯನ್ನು ತೋಟದಲ್ಲೇ ಬೀಳುವ ಸೋಗೆ, ಹಾಳೆ, ಅಡಿಕೆ ಸಿಪ್ಪೆಗಳನ್ನು ಕೊಳೆಸಿದ ಕಾಂಪೋಸ್ಟ್, ಎರೆಗೊಬ್ಬರಗಳಿಂದಲೂ, ಬೇಲಿ ಮತ್ತು ಬದುಗಳಲ್ಲಿ ಬೆಳೆಸಿದ ಗ್ಲಿರಿಸಿಡಿಯಾ ಸೊಪ್ಪಿನಿಂದಲೂ ತುಂಬಿಕೊಳ್ಳಬಹುದು.

4. ಹಲವು ಜಾತಿ, ಹಲವು ವಯಸ್ಸು

ಒಂದೇ ಜಾತಿಯ, ಒಂದೇ ವಯಸ್ಸಿನ ಮರಗಳ ತೋಪು ಒಂದೇ ಗಾಳಿಗೆ, ಒಂದೇ ರೋಗಕ್ಕೆ, ಒಂದೇ ಬರಕ್ಕೆ ಈಡಾಗುತ್ತದೆ. ಮುಂದಿನ ವರ್ಷಗಳಲ್ಲಿ ಬರ ಬರುವುದೋ ನೆರೆ ಬರುವುದೋ ಮೊದಲೇ ತಿಳಿಯದಿರುವಾಗ, ಎರಡನ್ನೂ ತಾಳುವ ಜಾತಿಗಳನ್ನು ಬೆರೆಸಿ ಬೆಳೆಸುವುದೇ ಜಾಣತನ.

ಬೆಟ್ಟದ ಒಣ ನೆತ್ತಿಗೆ ಮತ್ತಿ, ಹೊನಗಲು, ಕವಲು, ನೆಲ್ಲಿ, ಜಂಬೆ ಸೂಕ್ತ. ನಡುಭಾಗಕ್ಕೆ ನಂದಿ, ಹಲಸು, ಹೆಬ್ಬಲಸು, ಅಪ್ಪೆಮಿಡಿ ಮಾವು, ಅಂಟುವಾಳ, ಮುರುಗಲು, ಉಪ್ಪಾಗೆ, ವಾಟೆ ಒಳ್ಳೆಯವು. ಇವುಗಳಲ್ಲಿ ಹಲವು ಮರ ಕಡಿಯದೆಯೇ ಆದಾಯ ಕೊಡುತ್ತವೆ. ಹಳ್ಳದ ದಂಡೆಗೆ ಹೊಳೆಮತ್ತಿ, ನೇರಳೆ, ಹೊಂಗೆ, ಬಿದಿರು ಹೊಂದುತ್ತವೆ. ಬಿದಿರಿನ ಬೇರು ಆಳಕ್ಕಿಳಿಯುವುದಿಲ್ಲ, ಹಿಂಡಿನ ತೂಕ ಹೆಚ್ಚು. ಆದ್ದರಿಂದ ಕಡಿದಾದ ಧರೆಯ ಅಂಚಿಗೆ ಅದು ಬೇಡ. ಅಲ್ಲಿ ಲಾವಂಚ ಮತ್ತು ಸ್ಥಳೀಯ ಪೊದೆಗಳು ಮೇಲು.

ನೆಡುವುದಕ್ಕಿಂತ ಮೊದಲು, ತಾನಾಗಿ ಹುಟ್ಟಿದ ಸಸಿಗಳನ್ನು ಕಾಯುವುದು ಕಡಿಮೆ ಖರ್ಚಿನ ದಾರಿ. ದನಗಳ ಮೇವಿಗೆ ಮತ್ತು ಬೆಂಕಿಗೆ ಸಿಗದಂತೆ ಮೂರು ವರ್ಷ ಕಾಯ್ದರೆ, ಹತ್ತಿರದಲ್ಲಿ ಬೀಜದ ಮರಗಳಿರುವ ಬೆಟ್ಟ ತಾನೇ ಚಿಗುರಿಕೊಳ್ಳುತ್ತದೆ. ಸಸಿ ಬಾರದ ಬರಿದು ಜಾಗಗಳಲ್ಲಿ ಮಾತ್ರ ನೆಟ್ಟರೆ ಸಾಕು. ಕುದುರೆಮುಖ, ಬ್ರಹ್ಮಗಿರಿಯಂತಹ ಎತ್ತರದ ಬೆಟ್ಟಗಳ ನೆತ್ತಿಯ ಹುಲ್ಲುಗಾವಲು ಬರಡು ಭೂಮಿಯಲ್ಲ. ಹುಲ್ಲಿನ ದಟ್ಟ ಬೇರು, ಕಣಿವೆಯ ಶೋಲಾ ಕಾಡು ಎರಡೂ ಸೇರಿಯೇ ಅಲ್ಲಿ ನೀರನ್ನು ಕಾಯುತ್ತವೆ. ಅಂತಹ ಹುಲ್ಲುಗಾವಲಿನಲ್ಲಿ ಮರ ನೆಡಬಾರದು.

5. ಅಕೇಸಿಯಾ ತೋಪುಗಳನ್ನು ಕ್ರಮೇಣ ಬದಲಿಸುವುದು

ಬರಡು ಗುಡ್ಡಗಳಿಗೆ ಬೇಗನೆ ಹಸಿರು ಹೊದಿಸಲು ಅಕೇಸಿಯಾ ನೆರವಾದುದು ನಿಜ. ಆದರೆ ಅದರ ಎಲೆ ನಿಧಾನವಾಗಿ ಕೊಳೆಯುತ್ತದೆ, ಬೇಸಗೆಯಲ್ಲಿ ಬೇಗ ಹೊತ್ತಿಕೊಳ್ಳುತ್ತದೆ. ಬಿರುಗಾಳಿಗೆ ಮರ ಉರುಳುತ್ತದೆ. ಹಾಗೆಂದು ಇಡೀ ತೋಪನ್ನು ಒಂದೇ ಸಲ ಕಡಿದು, ಯಂತ್ರದಿಂದ ಬುಡ ಕಿತ್ತರೆ ಬೆಟ್ಟ ಇನ್ನೂ ದುರ್ಬಲವಾಗುತ್ತದೆ. ಮೊದಲು ಅಲ್ಲಲ್ಲಿ ಬೆಳಕು ಬಿಡಿಸಿ, ನೆರಳಿನಲ್ಲಿ ಬೆಳೆಯುವ ಸ್ಥಳೀಯ ಸಸಿಗಳನ್ನು ನೆಡಬೇಕು. ಅವು ಬೇರೂರಿದ ಮೇಲೆ, ಅಡ್ಡಪಟ್ಟಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಲವು ವರ್ಷಗಳಲ್ಲಿ ಅಕೇಸಿಯಾ ತೆಗೆಯಬೇಕು. ಬುಡವನ್ನು ನೆಲದಲ್ಲೇ ಬಿಡಬೇಕು.

6. ಬೆಂಕಿಯ ತಡೆ

ಕಾಡಿನ ಬೆಂಕಿ ಬಹುಮಟ್ಟಿಗೆ ಮನುಷ್ಯರಿಂದಲೇ ಬೀಳುವಂಥದು. ಬೆಂಕಿ ಬಿದ್ದ ಬೆಟ್ಟದಲ್ಲಿ ದರಗು, ಸಸಿ ಎರಡೂ ನಾಶವಾಗಿ, ಮುಂದಿನ ಮಳೆಗೆ ಮಣ್ಣು ತೆರೆದುಕೊಳ್ಳುತ್ತದೆ. ಬಳಿಕ ಲಂಟಾನ, ಯುಪಟೋರಿಯಂ ಕಳೆಗಳು ಹಬ್ಬಿ ಮುಂದಿನ ಬೆಂಕಿಗೆ ಸೌದೆಯಾಗುತ್ತವೆ. ಜನವರಿ ಕೊನೆಯೊಳಗೆ ಬೆಟ್ಟದ ಗಡಿಯುದ್ದಕ್ಕೂ 10ರಿಂದ 15 ಅಡಿ ಅಗಲ ಒಣ ಎಲೆ, ಹುಲ್ಲನ್ನು ತೆಗೆದು ಬೆಂಕಿರೇಖೆ ಮಾಡಬೇಕು. ಮಣ್ಣನ್ನು ಕೆರೆಯಬಾರದು. ತೆಗೆದ ಎಲೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕುವುದು ಲೇಸು.

7. ಗುಡ್ಡದ ಬುಡವನ್ನು ಕಡಿಯಬಾರದು

ಈಗ ಮಣ್ಣು ಅಗೆಯುವ ಯಂತ್ರ ಒಂದು ದಿನದ ಬಾಡಿಗೆಗೆ ಸಿಗುತ್ತದೆ. ಮನೆಯಂಗಳ ಅಗಲ ಮಾಡಲು, ತೋಟಕ್ಕೆ ರಸ್ತೆ ತರಲು ನೆಟ್ಟಗೆ ಧರೆ ಕಡಿಯುವುದು ಸಾಮಾನ್ಯವಾಗಿದೆ. ಯಂತ್ರ ಒಂದು ದಿನದಲ್ಲಿ ಮಾಡಿದ ಗಾಯವನ್ನು ಕಾಡು ಇಪ್ಪತ್ತು ವರ್ಷದಲ್ಲೂ ಮುಚ್ಚಲಾರದು. ರಸ್ತೆ ಬೇಕೇಬೇಕಾದರೆ ಕಡಿಮೆ ಇಳಿಜಾರಿನ ಕಡೆ ಸುತ್ತಿ ಬರುವಂತೆ ಮಾಡಿ, ಒಳಬದಿಗೆ ಚರಂಡಿ ಕೊಡಬೇಕು. ಕಡಿದ ಮಣ್ಣನ್ನು ಇಳಿಜಾರಿನ ಅಂಚಿಗೆ ಸುರಿಯಬಾರದು. ಈಗಾಗಲೇ ಕಡಿದ ಧರೆಯ ಅಂಚಿನಲ್ಲಿ ದೊಡ್ಡ ಮರ ವಾಲಿ ನಿಂತಿದ್ದರೆ, ಅನುಮತಿ ಪಡೆದು ಮೇಲ್ಭಾಗ ಕಡಿದು, ಬೇರುಸಹಿತ ಬುಡವನ್ನು ಉಳಿಸಬೇಕು.

ವರ್ಷದ ಕೆಲಸಗಳು

ನವೆಂಬರ್-ಡಿಸೆಂಬರ್: ಇಳಿಜಾರು ಅಳೆದು ಗುರುತಿಸುವುದು, ವಿಶ್ರಾಂತಿಯ ಭಾಗವನ್ನು ನಿಗದಿ ಮಾಡುವುದು.
ಜನವರಿ: ಬೆಂಕಿರೇಖೆ ತೆಗೆಯುವುದು.
ಫೆಬ್ರವರಿಯಿಂದ ಏಪ್ರಿಲ್: ಬೆಂಕಿ ಕಾವಲು, ಬೀಜ ಸಂಗ್ರಹಣೆ.
ಮೇ: ಕಾಲುವೆ, ಚರಂಡಿಗಳ ಹೂಳು ತೆಗೆಯುವುದು, ನೆಲದ ಬಿರುಕುಗಳನ್ನು ಜೇಡಿಮಣ್ಣಿನಿಂದ ಗಟ್ಟಿಸಿ ಮುಚ್ಚುವುದು.
ಜೂನ್: ಬರಿದು ಜಾಗಗಳಲ್ಲಿ ಸಸಿ ನೆಡುವುದು.
ಜುಲೈ-ಆಗಸ್ಟ್: ಪ್ರತಿ ಜೋರು ಮಳೆಯ ನಂತರ, ಮಳೆ ಬಿಡುವು ಕೊಟ್ಟಾಗ, ನೀರಿನ ದಾರಿಗಳನ್ನು ನೋಡಿಬರುವುದು.
ಸೆಪ್ಟೆಂಬರ್-ಅಕ್ಟೋಬರ್: ಸಸಿಗಳ ಸುತ್ತ ಕಳೆ ತೆಗೆದು ದರಗು ಹೊದಿಸುವುದು.

ಅಪಾಯದ ಚಿಹ್ನೆಗಳು

ಗುಡ್ಡ ಜರಿಯುವ ಮುನ್ನ ಅನೇಕ ವೇಳೆ ಸೂಚನೆ ಕೊಡುತ್ತದೆ. ಬೆಟ್ಟದ ನೆತ್ತಿಯಲ್ಲಿ ಅಡ್ಡಲಾಗಿ ಬಿರುಕು ಬಿಡುವುದು. ನೆಟ್ಟಗಿದ್ದ ಮರ, ವಿದ್ಯುತ್ ಕಂಬ, ಬೇಲಿಗೂಟ ವಾಲುವುದು. ಇಲ್ಲದ ಕಡೆ ಹೊಸ ಒರತೆ ಏಳುವುದು. ತಿಳಿಯಾಗಿದ್ದ ಒರತೆ ಕೆಂಪಾಗುವುದು. ಮನೆಯ ಗೋಡೆ ಸೀಳಿ ಬಾಗಿಲು ಬಿಗಿಯಾಗುವುದು. ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಕೊನೆಯದು ಅತಿ ಅಪಾಯದ ಸೂಚನೆ. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿ ನಿಂತಿದೆ ಎಂದರ್ಥ. ಇಂತಹ ಚಿಹ್ನೆ ಕಂಡೊಡನೆ, ಹಗಲಾಗಲಿ ಇರುಳಾಗಲಿ, ದನಕರು ಬಿಚ್ಚಿಬಿಟ್ಟು ಮನೆಮಂದಿಯೆಲ್ಲ ಹಳ್ಳದ ದಾರಿಯಿಂದ ದೂರದ ಸುರಕ್ಷಿತ ಜಾಗಕ್ಕೆ ಹೋಗಬೇಕು. ಗ್ರಾಮ ಪಂಚಾಯತಿಗೆ ಮತ್ತು ತಹಶೀಲ್ದಾರರ ಕಚೇರಿಗೆ ತಿಳಿಸಬೇಕು. ಸಾಮಾನು ತರಲೆಂದು ಹಿಂದಿರುಗಬಾರದು.

ಊರಿನವರು ಒಂದಾದರೆ

ಮೇಲಿನವನ ಬೆಟ್ಟದ ನೀರು ಕೆಳಗಿನವನ ತೋಟಕ್ಕೆ ಇಳಿಯುತ್ತದೆ; ಬೆಂಕಿಗೂ ಗಡಿಕಲ್ಲಿನ ಹಂಗಿಲ್ಲ. ಆದ್ದರಿಂದ ಒಂದು ಹಳ್ಳದ ಕೊಳ್ಳದಲ್ಲಿರುವ ಎಲ್ಲ ಮನೆಯವರೂ ಕೂಡಿ ಯೋಜನೆ ಮಾಡುವುದು ಅವಶ್ಯ. ಸೊಪ್ಪಿನಬೆಟ್ಟದಲ್ಲಿ ರೈತರಿಗಿರುವುದು ಸವಲತ್ತು, ಭೂಮಿ ಸರಕಾರದ್ದು. ಮರ ಕಡಿಯಲು, ಗುಂಡಿ ತೋಡಲು ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಕರ್ನಾಟಕದಲ್ಲಿ 1993ರಿಂದ ಜಾರಿಗೆ ಬಂದ ಜಂಟಿ ಅರಣ್ಯ ಯೋಜನೆಯಡಿ ಗ್ರಾಮ ಅರಣ್ಯ ಸಮಿತಿಗಳು ರಚನೆಯಾಗಿವೆ. ಅವುಗಳ ಮೂಲಕ ಸಸಿ, ಬೆಂಕಿ ಕಾವಲು ಮುಂತಾದ ಕೆಲಸಗಳನ್ನು ಒಟ್ಟಾಗಿ ಕೈಗೊಳ್ಳಬಹುದು. ವಿಸ್ತರಣಾ ಕಾರ್ಯಕರ್ತರು ಊರಿಗೊಂದು ಇಳಿಜಾರಿನ ನಕ್ಷೆ ಮಾಡಿಸಿ, ಯಾವ ಜಾಗ ಇಂಗಿಸಲು, ಯಾವುದು ಹರಿಸಲು, ಯಾವುದು ಮುಟ್ಟದೆ ಬಿಡಲು ಎಂದು ಗುರುತಿಸಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ಸಣ್ಣ ಹಿಡುವಳಿದಾರರಿಗೆ ಇಂತಹ ನೆರವು ಮೊದಲು ಸಿಗಬೇಕು. ಬೆಟ್ಟದ ಬುಡದ ಅತಿ ಅಪಾಯದ ಜಾಗದಲ್ಲಿ ವಾಸಿಸುವವರು ಬಹುಮಟ್ಟಿಗೆ ಅವರೇ.

ಕೊಡಗಿನ ಹಿರಿಯರು ಸಾವಿರಕ್ಕೂ ಮಿಕ್ಕಿ ದೇವರಕಾಡುಗಳನ್ನು ಉಳಿಸಿಕೊಟ್ಟರು. ಕೊಡಲಿ ಬೀಳದ ಜಾಗವೊಂದು ಪ್ರತಿ ಊರಿಗೂ ಬೇಕೆಂಬ ವಿವೇಕ ಅದರಲ್ಲಿದೆ. ಮಳೆ ಎಷ್ಟು ಬೀಳಬೇಕು, ಯಾವಾಗ ಬೀಳಬೇಕು ಎಂಬುದು ರೈತನ ಕೈಯಲ್ಲಿಲ್ಲ. ಬಿದ್ದ ಮಳೆ ತನ್ನ ಬೆಟ್ಟದಲ್ಲಿ ಹೇಗೆ ನಿಲ್ಲಬೇಕು, ಹೇಗೆ ಇಳಿಯಬೇಕು ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲಿದೆ. ಈ ಮಳೆಗಾಲ ಮುಗಿದೊಡನೆ ಗಳ ಹಿಡಿದು ಬೆಟ್ಟ ಹತ್ತಿ, ಇಳಿಜಾರು ಅಳೆಯುವುದರಿಂದಲೇ ಕೆಲಸ ಆರಂಭವಾಗಲಿ.